ಇಪ್ಪತ್ತೈದು ಸಾವಿರದ ಟಾಕೀಸು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವ ಅಂಗಡಿಗೆ ಹೋಗಿ ಕಂಪ್ಯೂಟರ್ ಬೇಕು ಎಂದರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಗೇಮಿಂಗಾ, ಎಡಿಟಿಂಗಾ, ಆಫೀಸ್ ವರ್ಕಾ?’ ಉತ್ತರ ಹೇಳಿದ ಕೂಡಲೇ ಚೀಟಿಯ ಮೇಲೆ ಪ್ರೊಸೆಸರ್, ಬೋರ್ಡು, ರ‍್ಯಾಮು, ಕ್ಯಾಬಿನೆಟ್ಟು ಎಂದು ಸಾಲಾಗಿ ಬರೆದು, ಕೆಳಗೆ ಗೆರೆ ಎಳೆದು ಮೊತ್ತ ಕೂಡಿಸಿ ಕೊಡುತ್ತಾರೆ. ನನಗೆ ಬೇಕಿದ್ದದ್ದು ಆ ಮೂರಕ್ಕೂ ಸೇರುತ್ತಿರಲಿಲ್ಲ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ನಮ್ಮ ಮನೆಯಲ್ಲಿ, ನಡುಮನೆಯ ಟಿ.ವಿ.ಗೆ ಸೇರಿಸಿ, ಎಪ್ಪತ್ತು ದಾಟಿದ ಅಪ್ಪ ಮತ್ತು ಅವ್ವ ಯಾರ ಸಹಾಯವೂ ಇಲ್ಲದೆ ಸಿನಿಮಾ, ನಾಟಕ ಹಾಕಿಕೊಂಡು ನೋಡುವಂಥ ಒಂದು ಯಂತ್ರ ಬೇಕಿತ್ತು. ಕೈಯಲ್ಲಿದ್ದದ್ದು 25,000 ರೂಪಾಯಿ.

ಇಂಥ ಯಂತ್ರಕ್ಕೆ ಹೋಮ್ ಥಿಯೇಟರ್ ಪಿಸಿ ಎನ್ನುತ್ತಾರೆ. ನಮ್ಮ ಕಡೆ ಹೋಮ್ ಥಿಯೇಟರ್ ಅಂದರೆ ಜನಕ್ಕೆ ಹೊಳೆಯುವುದೇ ಬೇರೆ: ಒಂದು ದಪ್ಪ ವೂಫರ್, ನಾಲ್ಕು ಪುಟ್ಟ ಸ್ಪೀಕರ್, ಮುಂದುಗಡೆ ಮಿಣುಕುವ ನೀಲಿ ದೀಪ, ಗಣಪತಿ ಕೂರಿಸಿದಾಗ ಬೀದಿಯ ಕೊನೆಯವರೆಗೂ ಕೇಳುವ ಹಾಡು. ನಾನು ಊರಿಗೆ ತರುವುದು ಅದನ್ನಲ್ಲ ಎಂದು ವಿವರಿಸುವುದರಲ್ಲೇ ಒಂದು ಸಂಜೆ ಹೋಯಿತು. ‘ಇಷ್ಟೆಲ್ಲ ಯಾಕೆ, ಐದು ಸಾವಿರದೊಳಗೆ ಟಿ.ವಿ.ಗೆ ಸಿಕ್ಕಿಸೋ ಸ್ಟಿಕ್ ಬರುತ್ತೆ, ಅದನ್ನ ಹಾಕು’ ಎಂದ ಗೆಳೆಯರೂ ಇದ್ದರು. ಒಟಿಟಿ ಮಾತ್ರ ನೋಡುವ, ಇಂಟರ್ನೆಟ್ ಚೆನ್ನಾಗಿರುವ ಮನೆಗೆ ಆ ಸಲಹೆ ಸರಿಯಾದದ್ದೇ. ಆದರೆ ನಮ್ಮ ಮನೆಯಲ್ಲಿ ನೋಡಬೇಕಾದದ್ದು ಬಹುಪಾಲು ಒಟಿಟಿಯಲ್ಲಿ ಇರಲಿಲ್ಲ. ಅದು ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬಿಯಲ್ಲಿತ್ತು.

ಡಬ್ಬಿಯಲ್ಲಿದ್ದದ್ದು ಎಪ್ಪತ್ತರಷ್ಟು ಸಿನಿಮಾಗಳ ವಿಸಿಡಿ. ಹೊಸದುರ್ಗಕ್ಕೆ ಹೋದಾಗಲೆಲ್ಲ ಅಪ್ಪ ಒಂದೊಂದಾಗಿ ತಂದು ಕೂಡಿಸಿದ್ದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ‘ನಾಗರಹಾವು’ ಎರಡು ಸಲ ಕೊಂಡದ್ದಿತ್ತು. ನಮ್ಮ ಜಿಲ್ಲೆಯ ಕೋಟೆಯಲ್ಲಿ ತೆಗೆದ ಸಿನಿಮಾ ಎಂಬ ಅಭಿಮಾನ. ಇವೆಲ್ಲದರ ಅಡಿಯಲ್ಲಿ, ಮುದ್ರಿತ ಚಿತ್ರವಿಲ್ಲದ ಮೂರು ಬೋಳು ಡಿಸ್ಕುಗಳಿದ್ದವು. ಮೇಲೆ ಮಾರ್ಕರಿನಲ್ಲಿ ‘ಕುರುಕ್ಷೇತ್ರ 1, 2, 3’ ಎಂದು ಬರೆದಿತ್ತು.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡದ ಊರು ಹುಡುಕಬೇಕು. ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ, ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆ ಸೀನರಿ, ಪಾತ್ರಧಾರಿಗಳೇ ಕೈಯಿಂದ ಹಾಕಿದ ದುಡ್ಡು. ಅಂಥದೊಂದು ರಾತ್ರಿ ನನ್ನ ದೊಡ್ಡಪ್ಪ ದುರ್ಯೋಧನನಾಗಿದ್ದರು. ವಿಡಿಯೊದವನೊಬ್ಬ ಬೆಳಗಿನವರೆಗೆ ತೆಗೆದು, ಕತ್ತರಿಸಿ, ಮೂರು ಡಿಸ್ಕು ಮಾಡಿ ಪಾತ್ರಧಾರಿಗಳಿಗೆಲ್ಲ ಕೊಟ್ಟಿದ್ದ. ದೊಡ್ಡಪ್ಪ ಈಗಿಲ್ಲ. ಅವರ ಫೋಟೊಗಳಿವೆ, ನಡೆದಾಡುವ, ಮಾತಾಡುವ ದೊಡ್ಡಪ್ಪ ಇರುವುದು ಆ ಮೂರು ಡಿಸ್ಕುಗಳಲ್ಲಿ ಮಾತ್ರ. ಡಿಸ್ಕ್ ಹಾಕುತ್ತಿದ್ದ ಪ್ಲೇಯರ್ ಕೆಟ್ಟು ವರ್ಷಗಳಾಗಿದ್ದವು.

ಹಾಗಾಗಿ ನನ್ನ ಚೀಟಿ ಪ್ರೊಸೆಸರಿನಿಂದ ಶುರುವಾಗಲಿಲ್ಲ, ಡಿಸ್ಕ್ ಓದುವ ಡ್ರೈವಿನಿಂದ ಶುರುವಾಯಿತು. ಈಗಿನ ಕಂಪ್ಯೂಟರುಗಳಲ್ಲಿ ಅದನ್ನು ಕೊಡುವುದೇ ಅಪರೂಪ. ಯುಎಸ್‌ಬಿಗೆ ಹಾಕುವ ಡ್ರೈವ್ 1,500 ರೂಪಾಯಿಗೆ ಸಿಕ್ಕಿತು. ವಿಸಿಡಿಯ ಸ್ವಭಾವ ತಿಳಿದರೆ ಇದಕ್ಕೆ ಮೊದಲ ಸ್ಥಾನ ಯಾಕೆ ಎಂಬುದು ಅರ್ಥವಾಗುತ್ತದೆ. ಮಾಮೂಲಿ ದತ್ತಾಂಶದ ಸಿಡಿಯಲ್ಲಿ ಗೀರು ಬಿದ್ದರೂ ಓದಲು ಅನುಕೂಲವಾಗುವಂತೆ ದೋಷ ಸರಿಪಡಿಸುವ ಸಂಕೇತಗಳನ್ನು ಪದರ ಪದರವಾಗಿ ಸೇರಿಸಿರುತ್ತಾರೆ. ಒಂದು ಡಿಸ್ಕಿನಲ್ಲಿ ಒಂದೂಕಾಲು ಗಂಟೆಯ ಚಿತ್ರ ತುಂಬಬೇಕಾದ್ದರಿಂದ ವಿಸಿಡಿಯಲ್ಲಿ ಅದರ ಒಂದು ಪದರವನ್ನು ಬಿಟ್ಟು ಆ ಜಾಗವನ್ನೂ ಚಿತ್ರಕ್ಕೇ ಕೊಟ್ಟರು. ಸಿಡಿಗಿಂತ ವಿಸಿಡಿ ಗೀರಿಗೆ ಬೇಗ ಸೋಲುವುದು ಇದರಿಂದ. ನಮ್ಮ ಕುರುಕ್ಷೇತ್ರದಂಥವು ಕಾರ್ಖಾನೆಯಲ್ಲಿ ಅಚ್ಚೊತ್ತಿದವೂ ಅಲ್ಲ; ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಬರೆದವು. ಹೆಂಚಿನ ಮನೆಯ ಅಟ್ಟದ ಬೇಸಿಗೆ ಬಿಸಿಗೆ ಆ ಬಣ್ಣ ತಾನಾಗಿ ಹಾಳಾಗುತ್ತದೆ. 1934ರಲ್ಲಿ ಬಂದ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ದ ಪ್ರತಿಯೇ ಉಳಿದಿಲ್ಲ. ಹಳ್ಳಿಯ ನಾಟಕದ ಮೂರು ಡಿಸ್ಕುಗಳನ್ನು ಯಾವ ಸಂಗ್ರಹಾಲಯ ಕಾಯುತ್ತದೆ?

ಇನ್ನು ಪ್ರೊಸೆಸರ್. ಸಿನಿಮಾ ತೋರಿಸುವ ಕಂಪ್ಯೂಟರಿಗೆ ಭಾರಿ ಬುದ್ಧಿ ಬೇಕಿಲ್ಲ. ಸುತ್ತಿಟ್ಟ ವಿಡಿಯೊವನ್ನು ಬಿಚ್ಚುವುದು ಗೊತ್ತಿದ್ದರೆ ಸಾಕು. ವಿಡಿಯೊವನ್ನು ಕುಗ್ಗಿಸಿ ಸುತ್ತುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಅದನ್ನು ಬಿಚ್ಚುವುದಕ್ಕೆಂದೇ ಚಿಪ್ಪಿನೊಳಗೆ ಪ್ರತ್ಯೇಕ ಭಾಗವಿದ್ದರೆ ಕೆಲಸ ಸಲೀಸು, ಬಿಸಿಯೂ ಕಡಿಮೆ. ಇಲ್ಲದಿದ್ದರೆ ಇಡೀ ಪ್ರೊಸೆಸರ್ ಏದುಸಿರು ಬಿಡಬೇಕಾಗುತ್ತದೆ, ಫ್ಯಾನು ಕೂಗುತ್ತದೆ. ವಿಸಿಡಿಯ ಹಳೆಯ ಎಂಪೆಗ್-1 ಬಿಚ್ಚಲು ಯಾವ ಯಂತ್ರವಾದರೂ ಆದೀತು. ಆದರೆ ಅವ್ವನಿಗೆ ಇನ್ನೊಂದು ಬೇಡಿಕೆ ಇತ್ತು. ನಮ್ಮ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರು ಸುತ್ತಿ ನಾಟಕ ಆಡುತ್ತಾ ಬಂದಿದೆ. ಮೊಣಕಾಲು ನೋವು ಶುರುವಾದ ಮೇಲೆ ಅವ್ವ ನಾಟಕೋತ್ಸವಕ್ಕೆ ಹೋಗುವುದು ನಿಂತಿತು. ನಾಟಕವನ್ನೂ ವಚನ ಗಾಯನವನ್ನೂ ಯೂಟ್ಯೂಬಿನಲ್ಲಾದರೂ ದೊಡ್ಡ ಪರದೆಯ ಮೇಲೆ ನೋಡಬೇಕು ಎಂಬುದು ಅವಳ ಆಸೆ. ಯೂಟ್ಯೂಬು ವಿಪಿ9, ಎವಿ1 ಎಂಬ ಹೊಸ ಕೋಡೆಕ್‌ಗಳನ್ನು ಬಳಸುತ್ತದೆ. ಅಂದರೆ ನನ್ನ ಬಜೆಟ್ಟಿನಲ್ಲಿ ಯಂತ್ರ ಎಷ್ಟು ಹಳೆಯದಿರಬಹುದು ಎಂಬ ಗೆರೆ ಎಳೆದದ್ದು ಅಪ್ಪನ ಡಿಸ್ಕುಗಳಲ್ಲ, ಅವ್ವನ ನಾಟಕ.

ಆ ಗೆರೆ ಬಿದ್ದದ್ದು ಇಂಟೆಲ್‌ನ ಏಳನೇ ತಲೆಮಾರಿನ ಚಿಪ್ಪಿನ ಹತ್ತಿರ. 2017ರ ಹೊತ್ತಿಗೆ ಆಫೀಸುಗಳಿಗೆ ಬಂದ ಈ ಚಿಪ್ಪುಗಳಿಗೆ ವಿಪಿ9 ಮತ್ತು ಎಚ್‌ಇವಿಸಿ ಎರಡನ್ನೂ ಯಂತ್ರಾಂಶದಲ್ಲೇ ಬಿಚ್ಚುವ ಶಕ್ತಿಯಿದೆ. ಎವಿ1ಗೆ ಆ ಅನುಕೂಲ ಬಂದದ್ದು ಹನ್ನೊಂದನೇ ತಲೆಮಾರಿನಿಂದ. ಆದರೆ ನಮ್ಮ ಟಿ.ವಿ.ಯ ಮಟ್ಟದ ಚಿತ್ರವನ್ನು ಏಳನೆಯದು ತಂತ್ರಾಂಶದಿಂದಲೇ ನಿಭಾಯಿಸುತ್ತದೆ. ಇದಕ್ಕಿಂತ ಹಳೆಯದು ಕೊಂಡರೆ ಅವ್ವನಿಗೆ ತೊಂದರೆ, ಹೊಸದು ಕೊಂಡರೆ ಬೇರೆ ಯಾವುದಕ್ಕೂ ಹಣ ಉಳಿಯದು.

ಇಂಥ ಯಂತ್ರಗಳು ಈಗ ರಾಶಿ ರಾಶಿ ಸಿಗುವುದಕ್ಕೂ ಒಂದು ಕಾರಣವಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಬಹುತೇಕ ಚಿಪ್ಪುಗಳನ್ನು ಒಪ್ಪುವುದಿಲ್ಲ. ಬೆಂಗಳೂರಿನ ಆಫೀಸುಗಳು ಚೆನ್ನಾಗಿ ಓಡುತ್ತಿದ್ದ ಕಂಪ್ಯೂಟರುಗಳನ್ನು ಹೊರಗೆ ಹಾಕಿದವು. ಅವು ಒರೆಸಿಕೊಂಡು ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಬಂದವು. ಇವುಗಳಲ್ಲಿ ಡೆಲ್, ಎಚ್‌ಪಿ, ಲೆನೊವೊ ಮೂವರೂ ಮಾಡಿದ, ದಪ್ಪ ನಿಘಂಟಿನಷ್ಟೇ ಗಾತ್ರದ ಪುಟ್ಟ ಕಂಪ್ಯೂಟರುಗಳಿವೆ. 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ ಸಮೇತ ಅಂಥದೊಂದು ನನಗೆ 10,500 ರೂಪಾಯಿಗೆ ಸಿಕ್ಕಿತು. ಬಿಡಿ ಭಾಗ ಕೊಂಡು ಹೊಸದಾಗಿ ಜೋಡಿಸಬೇಕು ಎಂಬ ಹುಮ್ಮಸ್ಸು ನನಗೂ ಇತ್ತು. ಆದರೆ 2025ರ ಕೊನೆಯ ತಿಂಗಳುಗಳಿಂದ ಮೆಮೊರಿಯ ಬೆಲೆ ಏರುತ್ತಾ ಹೋಗಿತ್ತು. ಎಐ ನಡೆಸುವ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿದ್ದವು. ಎಲ್ಲೋ ಅಮೆರಿಕದಲ್ಲಿ ಎದ್ದ ಕಟ್ಟಡಕ್ಕೆ ಮಾಡದಕೆರೆಯ ನಡುಮನೆ ಬೆಲೆ ತೆರುವ ಕಾಲ. ಮೆಮೊರಿ ಒಳಗೇ ಇರುವ ಹಳೆಯ ಯಂತ್ರ ಆ ಏಟಿನಿಂದ ತಪ್ಪಿಸಿತು. ವಿಂಡೋಸ್ ಬದಲು ಅದರಲ್ಲಿ ಲಿನಕ್ಸ್ ಹಾಕಿದೆ, ಅದಕ್ಕೆ ಖರ್ಚಿಲ್ಲ. ಲಿನಕ್ಸಿನಲ್ಲಿ ಹಣ ಕೊಟ್ಟು ನೋಡುವ ಕೆಲವು ಒಟಿಟಿಗಳು ಪೂರ್ಣ ಗುಣಮಟ್ಟದ ಚಿತ್ರ ಕೊಡುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಕೇಳುವವರಿರಲಿಲ್ಲ.

ಟಿ.ವಿ. ಬದಲಾಯಿಸುವ ಮಾತೂ ಬಂದಿತ್ತು. ಇರುವುದು 40 ಅಂಗುಲದ ಫುಲ್ ಎಚ್‌ಡಿ. ಅಂಗಡಿಯ ತುಂಬ ಈಗ 4ಕೆ. ನಾನು ಟೇಪು ಹಿಡಿದು ಅಪ್ಪನ ಕುರ್ಚಿಯಿಂದ ಟಿ.ವಿ.ವರೆಗೆ ಅಳೆದೆ: ಹತ್ತು ಅಡಿ. ಅಷ್ಟು ದೂರದಿಂದ ಒಳ್ಳೆಯ ಕಣ್ಣು ಬೇರೆ ಬೇರೆಯಾಗಿ ಗುರುತಿಸಬಲ್ಲ ಚುಕ್ಕೆಗಳ ಅಂತರ ಸುಮಾರು 0.9 ಮಿಲಿಮೀಟರ್. ನಮ್ಮ ಟಿ.ವಿ.ಯ ಚುಕ್ಕೆಗಳ ಅಂತರ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಕಣ್ಣೇ ಹಿಂದೆ ಬಿದ್ದಿರುವಾಗ 4ಕೆ ತಂದರೂ ಕಾಣುವುದು ಇಷ್ಟೇ. ಅಲ್ಲದೆ ವಿಸಿಡಿಯ ಚಿತ್ರದಲ್ಲಿರುವುದು ಅಡ್ಡ 352, ಉದ್ದ 288, ಒಟ್ಟು ಒಂದು ಲಕ್ಷದಷ್ಟು ಚುಕ್ಕೆ. ಫುಲ್ ಎಚ್‌ಡಿ ಪರದೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚಿವೆ. ದೊಡ್ಡಪ್ಪನ ಕಿರೀಟದ ಒಂದೊಂದು ಚುಕ್ಕೆಯನ್ನೂ ಆಗಲೇ ಇಪ್ಪತ್ತರಷ್ಟು ಜಾಗಕ್ಕೆ ಎಳೆದು ಹರಡಬೇಕು. ಇನ್ನೂ ಎಳೆದು ಏನು ಪ್ರಯೋಜನ?

ಚಿತ್ರಕ್ಕೆ ನಿಜವಾಗಿ ಸಹಾಯವಾದದ್ದು ಬಿಟ್ಟಿ ಸಿಕ್ಕ ಒಂದು ಹೊಂದಾಣಿಕೆ. ನಮ್ಮ ದೇಶದ ವಿಸಿಡಿಗಳು ಸೆಕೆಂಡಿಗೆ 25 ಚಿತ್ರ ತೋರಿಸುವ ಲೆಕ್ಕದಲ್ಲಿ ಮಾಡಿದವು. ಕಂಪ್ಯೂಟರ್ ಟಿ.ವಿ.ಗೆ ಕಳಿಸುವುದು ಸಾಮಾನ್ಯವಾಗಿ ಸೆಕೆಂಡಿಗೆ 60. ಅರವತ್ತನ್ನು ಇಪ್ಪತ್ತೈದಕ್ಕೆ ಸಮನಾಗಿ ಹಂಚಲಾಗದು. ಕೆಲವು ಚಿತ್ರ ಎರಡು ಸಲ, ಕೆಲವು ಮೂರು ಸಲ ಬಂದು, ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗಲೆಲ್ಲ ದೃಶ್ಯ ಮುಗ್ಗರಿಸುತ್ತದೆ. 50ಕ್ಕೆ ಇಳಿಸಿದರೆ ಒಂದೊಂದು ಚಿತ್ರವೂ ಸರಿಯಾಗಿ ಎರಡೆರಡು ಸಲ. ಕೋಡಿ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೊಂದು ಆಯ್ಕೆ ಇದೆ. ಒಮ್ಮೆ ಒತ್ತಿದರೆ ಮುಗಿಯಿತು.

ಕರೆಂಟಿನದು ಬೇರೆಯೇ ಲೆಕ್ಕ. ಹೊಸದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತವೆ. ಕೆಳಗೆ ನಮ್ಮ ಮನೆಯಲ್ಲಿ ಕರೆಂಟು ಹೋಗುವುದು ಹೋಗುತ್ತಲೇ ಇರುತ್ತದೆ. ಮನೆಯಲ್ಲಿ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಇದೆ. ಹನ್ನೆರಡು ವೋಲ್ಟಿನಿಂದ ಗುಣಿಸಿದರೆ 1,800 ವಾಟ್-ಅವರ್. ಬ್ಯಾಟರಿ ಬಾಳಬೇಕೆಂದರೆ ಅರ್ಧ ಮಾತ್ರ ನಂಬಬೇಕು. ಲ್ಯಾಪ್‌ಟಾಪಿನಂಥ ಅಡಾಪ್ಟರಿನಲ್ಲಿ ಓಡುವ ಈ ಪುಟ್ಟ ಯಂತ್ರ ಸಿನಿಮಾ ತೋರಿಸುವಾಗ ಇಪ್ಪತ್ತು ವಾಟಿನ ಆಸುಪಾಸು ಎಳೆಯುತ್ತದೆ. ಟಿ.ವಿ., ಸ್ಪೀಕರ್ ಸೇರಿ 110. ಮೂರು ಡಿಸ್ಕಿನ ಮೂರೂವರೆ ಗಂಟೆ ಕುರುಕ್ಷೇತ್ರಕ್ಕೆ 400 ವಾಟ್-ಅವರ್ ಹಿಡಿದರೆ ದೀಪ, ಫ್ಯಾನಿಗೂ ಉಳಿಯುತ್ತದೆ. ಗ್ರಾಫಿಕ್ಸ್ ಕಾರ್ಡಿನ ದೊಡ್ಡ ಕಂಪ್ಯೂಟರ್ ಸುಮ್ಮನೆ ಕೂತರೂ ಇದರ ಎರಡು ಮೂರು ಪಟ್ಟು ಎಳೆಯುತ್ತದೆ. ಇನ್ವರ್ಟರಿನ ಹಿಂದಿರುವ ಪುಟ್ಟ ಗುಂಡಿಯನ್ನು ಯುಪಿಎಸ್ ಕಡೆಗೆ ತಳ್ಳಿದೆ. ಆ ಸ್ಥಿತಿಯಲ್ಲಿ ಅದು ಬ್ಯಾಟರಿಗೆ ಬೇಗ ದಾಟುತ್ತದೆ, ಕಂಪ್ಯೂಟರ್ ಆರುವುದಿಲ್ಲ. ಯುಪಿಎಸ್ ಎಂದು ಬೇರೆ ಖರ್ಚು ಆಗಲಿಲ್ಲ.

ಸದ್ದಿನ ವಿಷಯಕ್ಕೆ ಬರುತ್ತೇನೆ. ನಗರದ ಮನೆಯಲ್ಲಿ ಕೇಳಿಸದ ಫ್ಯಾನಿನ ಗುಂಯ್ ಸದ್ದು ಹಳ್ಳಿಯ ರಾತ್ರಿಯಲ್ಲಿ ಚೆನ್ನಾಗಿಯೇ ಕೇಳುತ್ತದೆ. ಯಂತ್ರಕ್ಕೆ ಕೆಲಸ ಕಡಿಮೆಯಾದಷ್ಟೂ ಫ್ಯಾನು ನಿಧಾನ. ಆದರೆ ರಾಗಿ ಕಣದ ಕಾಲಕ್ಕೆ ಏಳುವ ಧೂಳು ಒಳಗೆ ಸೇರಿದರೆ ಈ ಲೆಕ್ಕವೆಲ್ಲ ತಲೆಕೆಳಗು. ಅದಕ್ಕೇ ಒಂದೇ ತಿರುಪು ಬಿಚ್ಚಿದರೆ ಮುಚ್ಚಳ ಕಳಚುವಂಥ ಮಾದರಿಯನ್ನೇ ಹುಡುಕಿದೆ. ಹಬ್ಬಕ್ಕೆ ಊರಿಗೆ ಹೋದಾಗ ಬಿಚ್ಚಿ, ಬ್ರಷ್ಷಿನಿಂದ ಒರೆಸಿ ಇಡುತ್ತೇನೆ.

ನಿಜವಾದ ಕಷ್ಟ ಎದುರಾದದ್ದು ಡಿಸ್ಕು ಓದಿಸಿ, ಟಿ.ವಿ.ಯ ಸ್ಪೀಕರಿನಲ್ಲೇ ಮೊದಲ ಸಲ ಕುರುಕ್ಷೇತ್ರ ಹಾಕಿದ ದಿನ. ದೊಡ್ಡಪ್ಪ ಮೀಸೆ ತಿರುವುತ್ತಾ ಬಂದರು. ಅಪ್ಪ ಮುಂದೆ ಬಾಗಿ ಕೂತರು. ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಒರಗಿ, ‘ಅಣ್ಣನ ಮಾತು ಕೇಳ್ಸಲ್ಲ ಕಣಪ್ಪ. ಬರೀ ಪೆಟ್ಟಿಗೆ ಕೇಳ್ಸುತ್ತೆ’ ಎಂದರು. ಪೆಟ್ಟಿಗೆ ಅಂದರೆ ಹಾರ್ಮೋನಿಯಂ. ಸದ್ದು ಜೋರು ಮಾಡಿದೆ, ಪೆಟ್ಟಿಗೆಯೂ ಜೋರಾಯಿತು.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಅ, ಆ, ಓ ಎಂಬ ಸ್ವರಾಕ್ಷರಗಳ ಬಲ ಕೆಳಗಿನ ಶ್ರುತಿಗಳಲ್ಲಿದೆ. ಸ, ಶ, ತ, ಕ ಇವುಗಳ ಗುರುತು ಮೇಲಿನ ಶ್ರುತಿಗಳಲ್ಲಿದೆ. ಹಾಗಾಗಿ ಮುದುಕರಿಗೆ ಯಾರೋ ಮಾತಾಡುತ್ತಿರುವುದು ಕೇಳುತ್ತದೆ, ಏನು ಮಾತಾಡಿದರು ಎಂಬುದು ಕೇಳುವುದಿಲ್ಲ. ಕತ್ತಿ, ಹತ್ತಿ ಎರಡೂ ಒಂದೇ ಆಗುತ್ತವೆ. ತೆಳ್ಳನೆಯ ಟಿ.ವಿ.ಗಳ ಸ್ಪೀಕರುಗಳು ನೆಲದ ಕಡೆಗೋ ಗೋಡೆಯ ಕಡೆಗೋ ಮುಖ ಮಾಡಿರುತ್ತವೆ. ಆ ಸೂಕ್ಷ್ಮ ಸದ್ದುಗಳು ಅಲ್ಲೇ ಚದುರುತ್ತವೆ. ದಪ್ಪ ವೂಫರಿನ ಹೋಮ್ ಥಿಯೇಟರ್ ತಂದಿದ್ದರೆ ಇನ್ನೂ ಕೆಡುತ್ತಿತ್ತು. ಬೇಕಿಲ್ಲದ ಕೆಳಗಿನ ಸದ್ದನ್ನೇ ಅದು ಎತ್ತುವುದು. ಸುತ್ತಲೂ ಐದು ಸ್ಪೀಕರ್ ಇಟ್ಟೂ ಉಪಯೋಗವಿಲ್ಲ: ನಾಟಕವನ್ನು ಹಿಡಿದದ್ದು ಒಂದೇ ಮೈಕಿನಿಂದ, ಡಬ್ಬಿಯ ಹಳೆಯ ಸಿನಿಮಾಗಳ ಧ್ವನಿಯೂ ಒಂದೇ ಜಾಡಿನದು.

ಪ್ರೊಸೆಸರಿನಲ್ಲೂ ಟಿ.ವಿ.ಯಲ್ಲೂ ಉಳಿಸಿದ ಹಣ ಇಲ್ಲಿಗೆ ಬಂತು. ವೂಫರಿಲ್ಲದ, ಮಾತು ಸ್ಪಷ್ಟವಾಗಿ ಕೇಳುವ ಎರಡು ಮರದ ಸ್ಪೀಕರು, 6,800 ರೂಪಾಯಿ. ಅವನ್ನು ಅಪ್ಪ ಕೂತಾಗ ಕಿವಿ ಬರುವ ಎತ್ತರಕ್ಕೆ, ಕುರ್ಚಿಯ ಕಡೆಗೆ ಮುಖ ಮಾಡಿ ಇಟ್ಟೆ. ಕೆಳಗಿನ ಸದ್ದು ಇಳಿಸಿ ಮೇಲಿನದನ್ನು ಏರಿಸಿದೆ. ಹಾರ್ಮೋನಿಯಂ ಪೂರ್ತಿ ಹಿಂದೆ ಸರಿಯಲಿಲ್ಲ. ಮೈಕಿನ ಪಕ್ಕದಲ್ಲೇ ಅದು ಕೂತಿತ್ತು. ಆದರೆ ಈ ಸಲ ಅಪ್ಪ ದೊಡ್ಡಪ್ಪನಿಗಿಂತ ಅರ್ಧ ಪದ ಮುಂದಾಗಿ ಮಾತು ಹೇಳಿಕೊಳ್ಳತೊಡಗಿದರು. ಅಭ್ಯಾಸದ ದಿನಗಳಲ್ಲಿ ಪುಸ್ತಕ ಹಿಡಿದು ಅಣ್ಣನಿಗೆ ಮಾತು ಕೊಡುತ್ತಿದ್ದವರು ಅವರೇ ಎಂಬುದು ನನಗೆ ಗೊತ್ತಾದದ್ದು ಆಗ.

ಇನ್ನು ರಿಮೋಟು. ಟಿ.ವಿ.ಯ ರಿಮೋಟ್ ಇಂಥ ಕಂಪ್ಯೂಟರುಗಳಿಗೆ ಸಾಮಾನ್ಯವಾಗಿ ಕೆಲಸ ಮಾಡದು. ಯುಎಸ್‌ಬಿಗೆ ಪುಟ್ಟ ಬಿಲ್ಲೆ ಸಿಕ್ಕಿಸುವ ಬೇರೆ ರಿಮೋಟಿಗೆ 700 ರೂಪಾಯಿ. ‘ಇದರಾಗೆ ಎಷ್ಟು ಗುಂಡಿ ಅವೆ ನೋಡು, ಯಾವ್ದನ್ನ ಒತ್ತೋದು?’ ಎಂದು ಅವ್ವ ಕೇಳಿದ್ದಕ್ಕೆ, ಬೇಕಾದ ಆರನ್ನು ಬಿಟ್ಟು ಉಳಿದವುಗಳ ಮೇಲೆ ಪ್ಲಾಸ್ಟರ್ ಅಂಟಿಸಿದೆ. ಕರೆಂಟು ಕೊಟ್ಟ ಕೂಡಲೇ ತಾನಾಗಿ ಏಳುವಂತೆ ಬಯೋಸಿನಲ್ಲಿ ಒಂದು ಆಯ್ಕೆ ಇರುತ್ತದೆ; ಹಾಗಾಗಿ ಗೋಡೆಯ ಸ್ವಿಚ್ಚು ಹಾಕಿದರೆ ಯಂತ್ರ ಎದ್ದು, ನೇರವಾಗಿ ಕೋಡಿ ತೆರೆದು, ಸಿನಿಮಾಗಳ ಪೋಸ್ಟರುಗಳನ್ನು ಸಾಲಾಗಿ ತೋರಿಸುತ್ತದೆ. ಯೂಟ್ಯೂಬಿಗೂ ಅದರೊಳಗಿಂದಲೇ ದಾರಿ ಇದೆ. ಓದುವುದು ಏನೂ ಇಲ್ಲ. ಕುರುಕ್ಷೇತ್ರಕ್ಕೆ ಪೋಸ್ಟರ್ ಇರಲಿಲ್ಲ. ಗೋಡೆಗೆ ತೂಗುಹಾಕಿದ್ದ, ಪಾತ್ರಧಾರಿಗಳು ಬಣ್ಣ ಹಚ್ಚಿಕೊಂಡು ನಿಂತ ಫೋಟೊವನ್ನೇ ಅಲ್ಲಿಗೆ ಹಾಕಿದೆ.

ಕೊನೆಯ ದೊಡ್ಡ ಖರ್ಚು 4,600 ರೂಪಾಯಿಯ 1 ಟಿಬಿ ಹಾರ್ಡ್‌ಡಿಸ್ಕು. ಡಬ್ಬಿಯದೆಲ್ಲ ಸೇರಿ 120 ಜಿಬಿಯಷ್ಟೇ ಆದದ್ದರಿಂದ ಅದು ಯಂತ್ರದೊಳಗಿನ ಎಸ್‌ಎಸ್‌ಡಿಯಲ್ಲೇ ಹಿಡಿಸಿತು. ಹಾರ್ಡ್‌ಡಿಸ್ಕು ನೋಡಲು ಕೊಂಡದ್ದಲ್ಲ, ಕಳೆದುಕೊಳ್ಳದಿರಲು ಕೊಂಡದ್ದು; ಎಲ್ಲದರ ಎರಡನೇ ಪ್ರತಿ ಅದರಲ್ಲಿದೆ, ಅದು ಬೆಂಗಳೂರಿನಲ್ಲಿ ನನ್ನ ಬೀರುವಿನಲ್ಲಿದೆ. ಟಿ.ವಿ.ಗೆ ಸೇರಿಸುವ ಕೇಬಲ್ಲಿನ 300 ಸೇರಿ ಒಟ್ಟು 24,400 ರೂಪಾಯಿ. ಕಂಪ್ಯೂಟರಿಗೆ ಹೋದದ್ದು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಸ್ಪೀಕರು, ಡಿಸ್ಕ್ ಓದುವ ಡ್ರೈವು, ಎರಡನೇ ಪ್ರತಿ, ರಿಮೋಟು ಎಂದು ಉಳಿದದ್ದು ಹೋಯಿತು. ಎಸ್.ಪಿ. ರೋಡಿನ ಚೀಟಿಯಲ್ಲಿ ಇವುಗಳಿಗೆ ಸಾಲೇ ಇರುವುದಿಲ್ಲ.

ಮೂರನೇ ಡಿಸ್ಕಿನ ಕೊನೆಯ ಹನ್ನೊಂದು ನಿಮಿಷ ಮಾತ್ರ ಓದಲಿಲ್ಲ. ಡಿಸ್ಕಿನಲ್ಲಿ ಬರಹ ಒಳಗಿನಿಂದ ಹೊರಕ್ಕೆ ಸಾಗುತ್ತದೆ; ಕೈ ತಾಗುವ, ಗೀರು ಬೀಳುವ ಹೊರಗಿನ ಅಂಚಿನಲ್ಲಿರುವುದು ಯಾವಾಗಲೂ ಕೊನೆಯ ದೃಶ್ಯ. ನಮ್ಮದರಲ್ಲಿ ಅದು ಗದಾಯುದ್ಧ. ಭೀಮನ ಪಾತ್ರ ಮಾಡಿದ್ದವರ ಮನೆಯಲ್ಲೂ ಅದೇ ಮೂರು ಡಿಸ್ಕು ಇರಬೇಕು ಎಂದು ಅಪ್ಪನಿಗೆ ನೆನಪಾಯಿತು. ಅವರ ಮಗ ದೇವರ ಗೂಡಿನ ಹಿಂದಿನಿಂದ ತೆಗೆದುಕೊಟ್ಟ. ಅದರಲ್ಲೂ ಗೀರುಗಳಿದ್ದವು, ಆದರೆ ಬೇರೆ ಕಡೆ. ಆ ಹನ್ನೊಂದು ನಿಮಿಷವನ್ನು ಅದರಿಂದ ತೆಗೆದು ಜೋಡಿಸಿದೆ. ಅವರ ಎರಡನೇ ಡಿಸ್ಕಿನಲ್ಲಿ ಹಾಳಾಗಿದ್ದ ಭಾಗವನ್ನು ನಮ್ಮದರಿಂದ ತುಂಬಿಕೊಟ್ಟೆ.

ಆಮೇಲೆ ಊರಿನಲ್ಲಿ ಸುದ್ದಿ ಹಬ್ಬಿತು. ಯಾರದೋ ಮದುವೆ, ಯಾರದೋ ಗೃಹಪ್ರವೇಶ, ಇನ್ನೊಂದು ವರ್ಷದ ಇನ್ನೊಂದು ಕುರುಕ್ಷೇತ್ರ ಎಂದು ಜನ ಡಿಸ್ಕುಗಳನ್ನು ತಂದು ಅವ್ವನ ಕೈಗೆ ಕೊಟ್ಟು ಹೋಗುತ್ತಿದ್ದಾರೆ. ಒಂದೊಂದಕ್ಕೂ ಯಾರ ಮನೆಯದು ಎಂದು ಚೀಟಿ ಕಟ್ಟಿ ಅವಳು ಅದೇ ರಟ್ಟಿನ ಡಬ್ಬಿಯಲ್ಲಿ ಇಡುತ್ತಾಳೆ. ಎಸ್‌ಎಸ್‌ಡಿಯಲ್ಲಿ ಜಾಗ ಮುಗಿಯುತ್ತಾ ಬಂತು. ಇನ್ನೊಂದು ಹಾರ್ಡ್‌ಡಿಸ್ಕಿನ ಬೆಲೆ ವಿಚಾರಿಸಿದ್ದೇನೆ. ಹೋದ ಸಲಕ್ಕಿಂತ ಏರಿದೆ.